ಅಕ್ಕೋರ ಮೇಲಿನ ಸಿಟ್ಟು

ಅಕ್ಕೋರು ನಮ್ಮ ಮನೆಗೆ ಮೊದಲ ಸಲ ಬಂದಾಗ ಕುರ್ಚಿ ಕೊಟ್ಟೆ. ಕೂರಲಿಲ್ಲ. ಕೊಡೆಯನ್ನು ಬಾಗಿಲ ಸಂದಿಗೆ ಒರಗಿಸಿ, ನೆಲದ ಮೇಲೆ ಕೂತು, "ಏನರ ಕೆಲಸ ಕೊಡವ್ವ, ಖಾಲಿ ಕೈಲೆ ಕುಂದ್ರಾಕ ಬರಂಗಿಲ್ಲ ನನಗ" ಎಂದರು. ನಾನು ಹೊಲಿಗೆ ಮಾಡುವವಳು. ಆ ದಿನ ಶಾಲೆಯ ಮಕ್ಕಳ ಸಮವಸ್ತ್ರದ ಅಂಗಿಗಳು ಗುಡ್ಡೆ ಬಿದ್ದಿದ್ದವು, ಗುಂಡಿ ಹಚ್ಚುವುದು ಬಾಕಿ ಇತ್ತು. ಸಂಕೋಚದಿಂದಲೇ ಒಂದು ಅಂಗಿ ಕೊಟ್ಟೆ. ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು, ಸೂಜಿಗೆ ದಾರ ಪೋಣಿಸಿ, ಒಂದು ತಾಸಿನಲ್ಲಿ ಏಳು ಅಂಗಿಗೆ ಗುಂಡಿ ಹಚ್ಚಿದರು. ಅಷ್ಟು ಹೊತ್ತಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಈ ದಾರ ಎಲ್ಲಿ ತಗೋತಿ? ಇಲ್ಲೇನೋ, ಯಾದಗಿರ್ಯಾಗೋ?" ನನ್ನ ಮಗಳ ವಿಷಯಕ್ಕೆ ಬಂದಿದ್ದಾರೆಂದು ನನಗೆ ಗೊತ್ತಿತ್ತು. ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಅವು ಹಾಗೇ ಉಳಿದವು.

ಅವರು ತೀರಿಕೊಂಡು ಈಗ ತಿಂಗಳಾಗುತ್ತ ಬಂತು. ಸುರಪುರದಲ್ಲಿ ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು; ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಹಾಗೆನ್ನುವುದು ರೂಢಿ. ಯಾದಗಿರಿಯ ಒಂದು ಕ್ರೈಸ್ತ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತರಾದ ಮೇಲೆ ಸುರಪುರಕ್ಕೆ ಬಂದು ಚರ್ಚಿನ ಹಿಂದಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಮದುವೆ ಆಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಪುರಸೊತ್ತು ಸಿಗ್ಲಿಲ್ಲ" ಎನ್ನುತ್ತಿದ್ದರು. ಅವರು ಮಾಡುತ್ತಿದ್ದ ಕೆಲಸಕ್ಕೆ ಚರ್ಚಿನ ಕಾಗದಗಳಲ್ಲಿ ಕುಟುಂಬ ಆಪ್ತಸಲಹೆ ಎಂದು ಹೆಸರಿತ್ತು. ಜನ ಮಾತ್ರ ಜಗಳ ಬಿಡಿಸುವ ಅಕ್ಕೋರು ಎನ್ನುತ್ತಿದ್ದರು.

ಯಾದಗಿರಿ, ಶಹಾಪುರ, ಸುರಪುರದ ನಡುವೆ ಓಡುವ ಬಸ್ಸುಗಳಲ್ಲಿ ಅವರನ್ನು ಅರಿಯದ ಕಂಡಕ್ಟರ್ ಇರಲಿಲ್ಲ. ಒಮ್ಮೆ ನಾನು ಜೊತೆಗಿದ್ದಾಗ ಒಬ್ಬ ಕೇಳಿದ: "ಇವತ್ತ ಯಾರ ಮನಿ ಜಗಳ ಬಿಡಸಾಕ ಹೊಂಟೀರ್ರಿ ಅಕ್ಕೋರ?"

"ನಿಮ್ಮ ಮನೀದು ಮುಗದದೇನಪ್ಪ? ಮುಗದಿದ್ರ ಹೇಳು, ಮುಂದಿನ ಮನಿಗಿ ಹೋಗ್ತೀನಿ."

ಬಸ್ಸೆಲ್ಲ ನಕ್ಕಿತು. ಅವನೂ ನಕ್ಕ. ಇಳಿಯುವಾಗ ಮಾತ್ರ ಅಕ್ಕೋರ ಚೀಲ ಹಿಡಿದುಕೊಂಡು ತಾನೂ ಕೆಳಗಿಳಿದು, ಮೆಲ್ಲಗೆ ಏನೋ ಹೇಳಿದ. ಅಕ್ಕೋರು ತಲೆಯಾಡಿಸಿದರು. ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎತ್ತರದ ಒಣಕಲು ಮೈ. ಸಣ್ಣ ಅಂಚಿನ ಹತ್ತಿ ಸೀರೆ, ಕಾಲಲ್ಲಿ ಗಂಡಸರ ಚಪ್ಪಲಿ. "ಹೆಣ್ಮಕ್ಕಳ ಚಪ್ಪಲಿ ಮನ್ಯಾಗ ಕುಂದ್ರೋರಿಗಿ ಮಾಡ್ಯಾರ" ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ ಇದ್ದರೂ ಚಹಕ್ಕೆ ಎರಡು ಚಮಚ ಸಕ್ಕರೆ ಬೇಕೇ ಬೇಕು. ಹಾಡಲು ಬರುತ್ತಿರಲಿಲ್ಲ. ಆದರೂ ಪ್ರಾರ್ಥನೆಯಲ್ಲಿ ಹಾಡು ಎತ್ತುವವರು ಅವರೇ. ಉಳಿದವರು ಶ್ರುತಿ ಹುಡುಕಿಕೊಂಡು ಹಿಂದೆ ಬರಬೇಕು. ಸಿಡುಕು ಸ್ವಭಾವ. ಹೆಂಗಸರು ಅತ್ತರೆ ಬೆನ್ನು ಸವರುವವರಲ್ಲ. "ಅತ್ತು ಮುಗಸು. ಅಷ್ಟ್ರಾಗ ನಾ ಬೆಂಡಿಕಾಯಿ ಹೆಚ್ಚತೀನಿ" ಎಂದು ಈಳಿಗೆ ಎಳೆದುಕೊಳ್ಳುತ್ತಿದ್ದರು. ಅಳುವವರಿಗೆ ನಗು ಬರುತ್ತಿತ್ತು, ಇಲ್ಲವೇ ಸಿಟ್ಟು ಬರುತ್ತಿತ್ತು. ಯಾವುದು ಬಂದರೂ ಮಾತು ಹೊರಡುತ್ತಿತ್ತು.

ಮಕ್ಕಳ ಎದುರಿಗೆ ಅವರು ಎಂದೂ ಕೂರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದರು, ಇಬ್ಬರೂ ಒಂದೇ ಗೋಡೆಗೆ ಮುಖ ಮಾಡಿ. "ಮಾರಿ ನೋಡಿದ್ರ ಹುಡುಗ್ರು ಬಾಗಲಾ ಹಾಕ್ಕೋತಾವ. ಬಾಜೂಕ ಕುಂತ್ರ ತಾವ ತಗೀತಾವ."

ಪ್ರಾರ್ಥನೆಗೂ ಅಪ್ಪಣೆ ಕೇಳುತ್ತಿದ್ದರು. "ನಮ್ಮ ದೇವ್ರ ಹತ್ರ ನಿಮ್ಮದೊಂದು ಮಾತು ಹೇಳ್ಲೇನು?" ಬೇಡವೆಂದರೆ ಚಹ ಕುಡಿದು ಎದ್ದು ಹೋಗುವರು. ನನ್ನ ಅತ್ತೆ ಒಮ್ಮೆ ನೇರವಾಗಿಯೇ ಕೇಳಿದರು: "ನಮ್ಮನ್ನ ನಿಮ್ಮಾಗ ಸೇರಿಸ್ಕೋಬೇಕಂತ ಬರ್ತೀರೇನ್ರಿ?"

"ಇಷ್ಟು ಜಗಳ ಕಟ್ಟಿಕೊಂಡು ನೀವು ಬಂದ್ರ ನಮ್ಮ ಚರ್ಚಿನಾಗ ಜಾಗಾ ಸಾಲಂಗಿಲ್ಲವ್ವಾ. ಮೊದ್ಲ ಜಗಳ ಇಲ್ಲೇ ಮುಗಸ್ರಿ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಆದರೂ ಅಕ್ಕೋರಿಗೆಂದು ಬೇರೆ ಸ್ಟೀಲ್ ಲೋಟ ಇಟ್ಟಿದ್ದರು. ಅಕ್ಕೋರು ಚಹ ಕುಡಿದು, ಆ ಲೋಟವನ್ನು ತಾವೇ ತೊಳೆದು ಗೂಡಿನಲ್ಲಿ ಬೋರಲು ಹಾಕುತ್ತಿದ್ದರು. ಆ ಬಗ್ಗೆ ಒಂದು ಮಾತೂ ಆಡಿದವರಲ್ಲ. ನಾನೂ ಆಡಲಿಲ್ಲ, ಆಡಬೇಕಿತ್ತು. ನಾನು ಇವತ್ತಿಗೂ ತಿಂಥಣಿಯ ಮೌನೇಶ್ವರನಿಗೆ ನಡೆದುಕೊಳ್ಳುವವಳು. ಅಕ್ಕೋರು ಅದಕ್ಕೆ ಎಂದೂ ಅಡ್ಡ ಮಾತು ಹೇಳಲಿಲ್ಲ.

ಅವರ ಕೈಲಾಗದ ಮನೆಗಳೂ ಇದ್ದವು. ಬೋನಾಳದ ಕಡೆಯ ಒಬ್ಬ ಹುಡುಗಿ ಮನೆ ಬಿಟ್ಟು ಬಂದಿದ್ದಳು. ಅಕ್ಕೋರು ಬುದ್ಧಿ ಹೇಳಿ, ತಾವೇ ಕರೆದುಕೊಂಡು ಹೋಗಿ ತಂದೆತಾಯಿಗೆ ಒಪ್ಪಿಸಿದರು. ತಿಂಗಳೊಳಗೆ ಆ ಹುಡುಗಿಯ ಲಗ್ನ ಆಗಿಹೋಯಿತು. ಅವಳಿಗೆ ಹದಿನಾಲ್ಕು ವರ್ಷ. ಈ ಮಾತನ್ನು ಅವರು ನನಗೆ ಒಂದೇ ಸಲ ಹೇಳಿದ್ದು, ಅದೂ ಅಕ್ಕಿ ಆರಿಸುತ್ತ. "ನಾನ ಕೈ ಹಿಡದು ಒಯ್ದು ಕೊಟ್ಟು ಬಂದೆ" ಎಂದರು. ಅಲ್ಲಿಂದ ಮುಂದೆ ಯಾವ ಮಗುವಿಗೂ ಮನೆಗೆ ಹೋಗು ಎಂದು ಅವರು ಹೇಳಲಿಲ್ಲ. ಮೊದಲು ಆ ಮನೆಯನ್ನು ನೋಡಿಬರುತ್ತಿದ್ದರು.

ನಮ್ಮ ಮನೆಯನ್ನು ನೋಡಲು ಬಂದದ್ದು ಹನ್ನೆರಡು ವರ್ಷದ ಹಿಂದೆ. ನನ್ನ ಮಗಳಿಗೆ ಆಗ ಹದಿಮೂರು. ಶಹಾಪುರದ ಒಂದು ಹಾಸ್ಟೆಲಿನಲ್ಲಿ ಬಿಟ್ಟಿದ್ದೆವು. ಮೂರು ತಿಂಗಳಲ್ಲಿ ಮೂರು ಸಲ ಓಡಿ ಬಂದಳು. ಯಾಕೆಂದು ಕೇಳಿದರೆ ಹೇಳಳು. ನಾನು ಬಟ್ಟೆ ಅಳೆಯುವ ಪಟ್ಟಿಯಿಂದ ಹೊಡೆದೆ. ಆಗಲೂ ಹೇಳಲಿಲ್ಲ. ಅತ್ತೆ ಅದನ್ನೇ ಹಿಡಿದುಕೊಂಡರು. "ಓದಾಕ ಒಲ್ಲೆ ಅಂದ್ರ ಒಳ್ಳೇದ ಆತು. ನನ್ನ ತಮ್ಮನ ಮೊಮ್ಮಗ ಅದಾನ. ಯುಗಾದಿ ಮುಂದ ಮುಗಿಸಿಬಿಡೂಣು." ನನ್ನ ಗಂಡ ಕುಡಿದ ಮತ್ತಿನಲ್ಲಿ ಹೂಂ ಎಂದಿದ್ದರು. ಇದನ್ನು ನೋಡಲಾರದೆ, ಎದುರು ಮನೆಯ ಮರಿಯಮ್ಮ, ಚರ್ಚಿಗೆ ಹೋಗುವವಳು, ಅಕ್ಕೋರಿಗೆ ಹೇಳಿ ಕಳಿಸಿದ್ದಳು.

ಗುಂಡಿ ಹಚ್ಚುವ ಕೆಲಸಕ್ಕೆ ಅಕ್ಕೋರು ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ವಾರಕ್ಕೆ ಎರಡು ದಿನ, ಇಬ್ಬರೂ ಗೋಡೆಗೆ ಮುಖ ಮಾಡಿ. ನನಗೆ ಕೇಳುತ್ತಿದ್ದದ್ದು ಕತ್ತರಿಯ ಸದ್ದು ಮಾತ್ರ. ಮೂರನೆಯ ವಾರ ಅಕ್ಕೋರು ನನ್ನನ್ನು ಹೊರಗೆ ಕರೆದರು. "ಆಕಿ ನಿನಗೊಬ್ಬಾಕಿಗೆ ಹೇಳಂತ ಅಂದಾಳ. ಬ್ಯಾರೆ ಯಾರಿಗೂ ಇಲ್ಲ" ಎಂದು ಮೊದಲು ಹೇಳಿ, ಆಮೇಲೆ ವಿಷಯ ಹೇಳಿದರು. ಮಗಳು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಚಿಕ್ಕವಳಿದ್ದಾಗ ಬಿಟ್ಟುಹೋಗಿತ್ತು, ಮನೆಯಲ್ಲಿ ಜಗಳ ಹೆಚ್ಚಿದ ವರ್ಷ ಮತ್ತೆ ಶುರುವಾಗಿತ್ತು. ಮನೆಯಲ್ಲಿ ತಾನೇ ತೊಳೆದು ಮುಚ್ಚಿಡುತ್ತಿದ್ದಳು. ಹಾಸ್ಟೆಲಿನಲ್ಲಿ ಮುಚ್ಚಿಡಲು ಜಾಗವಿಲ್ಲ. ಮಲಗಲು ಹೆದರಿ ಎಚ್ಚರವಿರುತ್ತಿದ್ದಳು, ತಡೆಯಲಾಗದಾಗ ಓಡಿ ಬರುತ್ತಿದ್ದಳು.

ಇಷ್ಟೇ ಸಂಗತಿ. ಇದಕ್ಕೆ ನಾನು ಪಟ್ಟಿಯಿಂದ ಹೊಡೆದಿದ್ದೆ.

ಅಕ್ಕೋರು ನಮ್ಮಿಬ್ಬರನ್ನು ಯಾದಗಿರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಮೈಯಲ್ಲಿ ದೋಷವಿಲ್ಲ, ಬೈಯಬೇಡಿ, ಹೆದರಿಸಬೇಡಿ, ಹೋಗುತ್ತದೆ ಎಂದರು ಡಾಕ್ಟರು. ಹೆದರಿಸದೆ ಇರುವುದು ನಮ್ಮ ಮನೆಯಲ್ಲಿ ದೊಡ್ಡ ಕೆಲಸ. ನನ್ನ ಗಂಡ ಗವಂಡಿ, ಗಾರೆ ಕೆಲಸದವರು. ಕುಡಿದು ಬಂದ ದಿನ ಪಾತ್ರೆ, ಬಾಗಿಲು, ನಾನು, ಯಾವುದಕ್ಕೂ ಉಳಿಗಾಲವಿರಲಿಲ್ಲ. ಅಕ್ಕೋರು ಸಂಜೆ ಅವರ ತಂಟೆಗೆ ಹೋಗಲಿಲ್ಲ. "ಕುಡದಾಗ ಮಾತಾಡಿದ್ರ ಶೆರಿ ಕೂಡ ಮಾತಾಡಿದಂಗ" ಎಂದು ಬೆಳಿಗ್ಗೆ ಆರಕ್ಕೆ, ನನ್ನ ಗಂಡ ಬೇವಿನ ಕಡ್ಡಿ ಹಿಡಿದು ಹೊರಗೆ ನಿಂತಾಗ ಬರುತ್ತಿದ್ದರು.

"ನನ್ನ ರೂಮಿನ ಮೆಟ್ಟಲಾ ಅಳ್ಳಾಡಾಕತ್ಯದ. ಬಂದು ಕೂಡ್ರಿಸಿ ಕೊಡ್ತಿಯೇನಪ್ಪ?"

ಆ ಮೆಟ್ಟಿಲನ್ನು ನನ್ನ ಗಂಡ ಮೂರು ಸಲ ಕೂಡಿಸಿದರು. ಅಕ್ಕೋರು ಬೇಕೆಂದೇ ಅದನ್ನು ಮೀಟಿ ಸಡಿಲ ಮಾಡುತ್ತಾರೆಂದು ಅವರಿಗೆ ಬಹಳ ದಿನ ಅನುಮಾನವಿತ್ತು. ಮೂರನೆಯ ಸಲ ಸಿಮೆಂಟು ಕಲಸುವಾಗ ಅಕ್ಕೋರು ಪಕ್ಕದಲ್ಲಿ ಕೂತು ಹೇಳಿದರಂತೆ: "ನಿನ್ನ ಮಗಳು ನಿನ್ನ ದನಿ ಕೇಳಿದ್ರ ನಡುಗ್ತಾಳ. ನಿನಗ ಗೊತ್ತದೇನು?" ಇವರು ಇಲ್ರಿ ಎಂದರಂತೆ. ಅಂದು ಕೆಲಸಕ್ಕೆ ಹೋಗದೆ ಮನೆಗೆ ಬಂದು ಸುಮ್ಮನೆ ಕೂತಿದ್ದರು. ಕುಡಿತ ಪೂರಾ ಬಿಡಲಿಲ್ಲ. ಕುಡಿದ ದಿನ ಒಳಗೆ ಬಾರದೆ ಹೊರಗಿನ ಕಟ್ಟೆಯ ಮೇಲೆ ಮಲಗುವುದನ್ನು ರೂಢಿ ಮಾಡಿಕೊಂಡರು. ನಮಗೆ ಅಷ್ಟು ಸಾಕಿತ್ತು.

ಲಗ್ನದ ಮಾತನ್ನು ಅಕ್ಕೋರು ಅತ್ತೆಯ ಎದುರಿಗೇ ಎತ್ತಿದರು. "ಆಕಿಗಿ ಹದಿಮೂರವ್ವಾ. ನೀವು ಅಕ್ಕಿಕಾಳು ಹಾಕಿಸಿದ ದಿನ ನಾ ಸರ್ಕಾರಿ ಆಫೀಸಿಗಿ ಹೋಗಿ ತಕರಾರು ಬರದು ಕೊಡ್ತೀನಿ. ನಿಮ್ಮ ಮನಿ ಚಾ ಕುಡದೀನಿ, ಅದಕ್ಕ ಮೊದ್ಲ ನಿಮಗ ಹೇಳಾಕತ್ತೀನಿ."

"ಹಂಗಾರ ಆಕಿ ಹಾಸ್ಟೆಲಿಗಿ ಹೋಗಿ ಕುಂದರ್ಲಿ" ಎಂದರು ಅತ್ತೆ. "ಮತ್ತೊಂದು ಸಲ ಓಡಿ ಬಂದ್ಲಂದ್ರ ನಾ ಯಾರ ಮಾತೂ ಕೇಳಂಗಿಲ್ಲ."

ಹೀಗೆ ಎಲ್ಲವೂ ಮಗಳು ಹಾಸ್ಟೆಲಿನಲ್ಲಿ ಉಳಿಯುವುದರ ಮೇಲೆ ನಿಂತಿತು. ಅಕ್ಕೋರು ವಾರ್ಡನ್ ಹತ್ತಿರ ಕಾರಣ ಹೇಳದೆಯೇ ಮಾತಾಡಿ, ಬಚ್ಚಲಿಗೆ ಹತ್ತಿರದ ಜಾಗ ಕೊಡಿಸಿದರು. ಎರಡು ಹೆಚ್ಚಿನ ಚಾದರ ನಾನೇ ಹೊಲಿದೆ. ಮಗಳು ದಸರೆ ರಜೆ ಮುಗಿದ ಮೇಲೆ ಹೋಗುತ್ತೇನೆಂದು ಒಪ್ಪಿದಳು. ಮನೆಯಲ್ಲಿ ಒಂದು ವಾರ ಒಣ ಹಾಸಿಗೆಯಲ್ಲೇ ಎದ್ದಿದ್ದಳು. ಆ ವಾರ ಅವಳು ಹಾಡು ಗುನುಗುತ್ತ ಗುಂಡಿ ಹಚ್ಚುವುದನ್ನು ಕೇಳಿದೆ.

ಆ ಖುಷಿಯಲ್ಲೇ ನಾನು ತಪ್ಪು ಮಾಡಿದೆ.

ಗುರುವಾರ ಚರ್ಚಿನ ಪಡಸಾಲೆಯಲ್ಲಿ ಹೆಂಗಸರ ಪ್ರಾರ್ಥನೆ ಕೂಟ ನಡೆಯುತ್ತಿತ್ತು. ಅಕ್ಕೋರು ನನ್ನನ್ನು ಕರೆದಿರಲಿಲ್ಲ. ಇಷ್ಟು ಮಾಡಿದವರ ದೇವರಿಗೆ ಒಮ್ಮೆ ಕೈ ಮುಗಿದು ಬರಬೇಕೆಂದು ನಾನೇ ಮರಿಯಮ್ಮನ ಜೊತೆ ಹೋದೆ. ಹದಿನೈದು ಹೆಂಗಸರಿದ್ದರು. ಕೊನೆಯಲ್ಲಿ ಒಬ್ಬೊಬ್ಬರೂ ಯಾರಿಗಾಗಿ ಪ್ರಾರ್ಥಿಸಬೇಕೆಂದು ಹೇಳುವುದು ಅಲ್ಲಿಯ ಪದ್ಧತಿ. ಅಕ್ಕೋರ ಸರದಿ ಬಂದಾಗ, "ಒಂದು ಮಗು ಅದ. ಹೆಸರು ಬ್ಯಾಡ. ದೇವ್ರಿಗಿ ಗೊತ್ತದ" ಎಂದು ಕಣ್ಣು ಮುಚ್ಚಿದರು.

ನನಗೆ ಅದು ಸರಿ ಕಾಣಲಿಲ್ಲ. ನಮ್ಮಲ್ಲಿ ಹರಕೆ ಹೊರುವಾಗ, ಕಾಯಿ ಒಡೆಸುವಾಗ ಪೂಜಾರಿಗೆ ಮಗುವಿನ ಹೆಸರು ಹೇಳಬೇಕು, ಯಾರ ಮಗಳೆಂದು ಹೇಳಬೇಕು, ಏನು ತೊಂದರೆಯೆಂದು ಹೇಳಬೇಕು. ಪೂಜಾರಿ ಅದನ್ನು ದೇವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಒದರುತ್ತಾನೆ. ಹೆಸರಿಲ್ಲದ ಬೇಡಿಕೆ ಯಾವ ಮಗುವಿಗೆ ಹೋಗಿ ಮುಟ್ಟುತ್ತದೆ? ನಮ್ಮ ದೇವರಿಗೇ ಹೆಸರು ಹೇಳಿ ಗುರುತು ಕೊಡಬೇಕು. ಇನ್ನೊಬ್ಬರ ದೇವರಿಗೆ ಗುರುತಾದರೂ ಹೇಗೆ ಸಿಗಬೇಕು? ಹದಿನೈದು ಜನ ಬೇಡುವುದು ವ್ಯರ್ಥವಾಗಬಾರದೆಂದು ನಾನು ಎದ್ದು ನಿಂತೆ. ಮಗಳ ಹೆಸರು ಹೇಳಿದೆ. ಅವಳ ತಂದೆಯ ಹೆಸರು ಹೇಳಿದೆ. ಶಹಾಪುರದ ಹಾಸ್ಟೆಲು ಹೇಳಿದೆ. "ಹಾಸಿಗ್ಯಾಗ ಉಚ್ಚಿ ಹೊಯ್ಕೋತಾಳ್ರಿ, ಅದು ನಿಲ್ಲಬೇಕ್ರಿ" ಎಂದೆ.

ಅಕ್ಕೋರು ಕಣ್ಣು ತೆರೆದರು. ಪ್ರಾರ್ಥನೆ ಮುಗಿಸಿ, "ಇಲ್ಲಿ ಕೇಳಿದ್ದು ಇಲ್ಲೇ ಹುಗೀರಿ" ಎಂದು ಎಲ್ಲರಿಗೂ ಹೇಳಿದರು. ನನಗೆ ಆಗಲೂ ತಿಳಿದಿರಲಿಲ್ಲ. ಮನೆಗೆ ಹಗುರಾಗಿ ಬಂದೆ.

ಅಲ್ಲಿದ್ದವರಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬಾಕೆ ಶಹಾಪುರದಲ್ಲಿದ್ದ ತನ್ನ ತಂಗಿಗೆ ಫೋನ್ ಮಾಡಿ, ನೀನೂ ಈ ಹುಡುಗಿಗಾಗಿ ಪ್ರಾರ್ಥನೆ ಮಾಡು ಎಂದಳು. ಆ ತಂಗಿಯ ಮಗಳು ಅದೇ ಹಾಸ್ಟೆಲಿನಲ್ಲಿದ್ದಳು.

ರಜೆ ಮುಗಿದು ಹೋದ ಮಗಳು ಮರುದಿನವೇ ವಾಪಸ್ಸು ಬಂದಳು. ಹುಡುಗಿಯರು ಅವಳನ್ನು ಕಂಡೊಡನೆ ಮೂಗು ಹಿಡಿದಿದ್ದರು. ಅವಳು ಬಂದಾಗ ಅಕ್ಕೋರು ನಮ್ಮ ಮನೆಯಲ್ಲೇ ಇದ್ದರು. ಮಗಳು ಚೀಲ ಇಳಿಸಲಿಲ್ಲ. ಬಾಗಿಲಲ್ಲೇ ನಿಂತು ನಮ್ಮಿಬ್ಬರನ್ನೂ ನೋಡಿದಳು.

"ಯಾರು ಹೇಳಿದ್ದು? ನಿಮ್ಮಿಬ್ಬರನ್ನ ಬಿಟ್ಟು ಯಾರಿಗೂ ಗೊತ್ತಿದ್ದಿಲ್ಲ."

ನಾನು ಬಾಯಿ ತೆರೆದೆ. ಅಕ್ಕೋರು ನನ್ನ ಕಡೆ ನೋಡಲಿಲ್ಲ. ನನ್ನ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿದರು. "ನಮ್ಮ ಪ್ರಾರ್ಥನಿ ಕೂಟದಾಗಿಂದ ಹೊರಗ ಬಿತ್ತವ್ವ. ಆ ಮಾತು ಅಲ್ಲಿ ತಗದಾಕಿ ನಾನು. ತಪ್ಪು ನಂದು. ಮಾಫ್ ಮಾಡು" ಎಂದರು. ಅರವತ್ತು ದಾಟಿದವರು, ಹದಿಮೂರರ ಹುಡುಗಿಗೆ ಕೈ ಜೋಡಿಸಿದರು.

"ನಿಮ್ಮ ದೇವ್ರಿಗಿ ಕಿವಿ ಕೇಳಂಗಿಲ್ಲೇನ್ರಿ?" ಎಂದು ಮಗಳು ಚೀರಿದಳು. "ಅಷ್ಟು ಮಂದಿ ಮುಂದ ಒದರ್ಬೇಕಿತ್ತೇನು?"

"ಕೇಳ್ತದವ್ವ. ನಮ್ಮ ಬಾಯಿ ಸುಮ್ಕಿರಂಗಿಲ್ಲ."

ಮಗಳು ಒಳಗೆ ಹೋಗಿ ಕದ ಹಾಕಿಕೊಂಡಳು. ನಾನು ಅಕ್ಕೋರ ಹಿಂದೆ ಬೀದಿಯವರೆಗೆ ಓಡಿದೆ. ಯಾಕೆ ಹಾಗೆ ಹೇಳಿದಿರೆಂದು ಕೇಳಿದೆ.

"ಸುಳ್ಳು ಹೇಳೀನೇನು? ಮೊದ್ಲ ತಗದಾಕಿ ನಾನ. ನೀ ಎದ್ದು ನಿಂತಾಗ ತಡೀಬೇಕಿತ್ತು, ತಡೀಲಿಲ್ಲ." ಸ್ವಲ್ಪ ದೂರ ನಡೆದು ನಿಂತರು. "ನೋಡು, ಆಕಿಗಿ ಸಿಟ್ಟು ಇಳಸಾಕ ಒಂದು ಜಾಗಾ ಬೇಕು. ನನ್ನ ಮ್ಯಾಲ ಇಳಿಸಿದ್ರ ನಾ ನನ್ನ ರೂಮಿಗಿ ಹೋಗ್ತೀನಿ. ನಿನ್ನ ಮ್ಯಾಲ ಇಳಿಸಿದ್ರ ಆಕಿ ಎಲ್ಲಿಗಿ ಹೋಗ್ಬೇಕು? ನಿಮ್ಮತ್ತಿ ತೋರಿಸಿದ ಮನಿಗೇನು?"

"ನಾ ಖರೇ ಹೇಳ್ಬೇಕಲ್ರಿ?"

"ಹೇಳ್ಬೇಕು. ಹೇಳೋದು ನಿನ್ನ ಕೆಲಸ, ನಾ ಹೇಳಂಗಿಲ್ಲ. ಆಕಿ ಗಟ್ಟಿ ಆಗ್ಲಿ. ಆಮ್ಯಾಲ ಹೇಳು."

ಅತ್ತೆ ತಮ್ಮ ಮಾತಿನಂತೆ ತಮ್ಮನಿಗೆ ಹೇಳಿ ಕಳಿಸಲು ಹೊರಟರು. ಅಡ್ಡ ನಿಂತವರು, ಆಶ್ಚರ್ಯವೆಂದರೆ, ನನ್ನ ಗಂಡ. "ನನ್ನ ಮಗಳು ಓದ್ತಾಳ. ಇಲ್ಲೇ ಓದ್ತಾಳ" ಎಂದರು. ಅಂದು ಅವರು ಕುಡಿದಿರಲಿಲ್ಲ. ಅಕ್ಕೋರು ಓಡಾಡಿ ಸುರಪುರದ ಶಾಲೆಯಲ್ಲೇ ಸೇರಿಸಿದರು. ಮಗಳು ಮನೆಯಲ್ಲಿ ಉಳಿದಳು. ನನ್ನ ಪಕ್ಕದಲ್ಲಿ ಮಲಗಿದಳು. ತನ್ನ ಮಾತೆಲ್ಲ ನನಗೆ ಹೇಳತೊಡಗಿದಳು. ಇನ್ನು ಹೇಳಲು ಅವಳಿಗೆ ಬೇರೆ ಯಾರೂ ಇರಲಿಲ್ಲ. ಅಕ್ಕೋರ ಜೊತೆ ಏಳು ತಿಂಗಳು ಮಾತಾಡಲಿಲ್ಲ. ಅಕ್ಕೋರು ಬರುವುದನ್ನು ಬಿಡಲಿಲ್ಲ. ಬಂದು, ಬೆನ್ನು ತಿರುಗಿಸಿ ಕೂತ ಹುಡುಗಿಯ ಪಕ್ಕದಲ್ಲಿ ತಾವೂ ಬೆನ್ನು ತಿರುಗಿಸಿ ಕೂತು, ಗುಂಡಿ ಹಚ್ಚಿ ಹೋಗುತ್ತಿದ್ದರು. ಅವರು ಹೋದ ಮೇಲೆ ಮಗಳು ಆ ಗುಂಡಿಗಳನ್ನು ಕಿತ್ತು ತಾನು ಮತ್ತೆ ಹಚ್ಚುತ್ತಿದ್ದಳು. ಅಷ್ಟು ಸಿಟ್ಟು. ನಾನು ನೋಡುತ್ತ ಕೂತಿರುತ್ತಿದ್ದೆ.

ಏಳು ತಿಂಗಳಾದ ಮೇಲೆ ಒಂದು ದಿನ ಮಗಳೇ ಹೇಳಿದಳು: "ಅಕ್ಕೋರ, ನೀವು ಹಚ್ಚಿದ ಗುಂಡಿ ಓರಿ ಆಗ್ಯದ."

"ಕಣ್ಣು ಕಾಣವಲ್ತವ್ವ. ನೀ ಹಚ್ಚು."

ಮುಂದೆ ಅವರಿಬ್ಬರ ನಡುವೆ ಮಾತು ನಿಲ್ಲಲಿಲ್ಲ. ಮೊದಲಿನ ಹಾಗಲ್ಲ, ಸರಿಸಮಾನರ ಹಾಗೆ. ಕೂಟದ ಹೆಂಗಸರಿಗೆ ಅಕ್ಕೋರು ಏನು ಹೇಳಿದ್ದರೋ ಗೊತ್ತಿಲ್ಲ. ಅಂದು ಎದ್ದು ನಿಂತವಳು ನಾನೆಂದು ಹದಿನೈದು ಜನರಲ್ಲಿ ಒಬ್ಬರೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಮಗಳು ಹತ್ತನೆಯದು ಪಾಸಾದಾಗ ಹೇಳೋಣವೆಂದುಕೊಂಡೆ. ಕಾಲೇಜು ಮುಗಿಸಿದಾಗ ಹೇಳೋಣವೆಂದುಕೊಂಡೆ. ಅವಳು ಬಸ್ ಕಂಡಕ್ಟರಾಗಿ ಖಾಕಿ ಹಾಕಿಕೊಂಡು ಯಾದಗಿರಿಯಲ್ಲಿ ಕೋಣೆ ಹಿಡಿದಾಗ, ಇನ್ನೇಕೆ, ಎಲ್ಲ ಮರೆತುಹೋಗಿದೆ ಎಂದುಕೊಂಡೆ. ಅಕ್ಕೋರು ಎಂದೂ ನೆನಪಿಸಲಿಲ್ಲ. ಒಮ್ಮೊಮ್ಮೆ ನನ್ನ ಮುಖ ನೋಡಿ, ಚಹಕ್ಕೆ ಸಕ್ಕರೆ ಕೇಳಿ ಸುಮ್ಮನಾಗುತ್ತಿದ್ದರು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅಕ್ಕೋರು ನನ್ನ ಮಗಳ ಬಸ್ಸಿಗೇ ಕಾಯುತ್ತಿದ್ದರು. "ಆಧಾರ್ ಕಾರ್ಡ್ ತೋರಸ್ರಿ" ಎಂದು ಇವಳು ಗದರುವುದು, "ನನ್ನ ಮಾರಿ ಗುರ್ತು ಸಿಗವಲ್ತೇನು?" ಎಂದು ಅವರು ಚೀಲ ತಡಕಾಡುವುದು. "ಮಾರಿ ಬದಲಾಗ್ಯದ್ರಿ, ಫೋಟೋದಾಗ ಚಂದ ಅದೀರಿ." ಬಸ್ಸಿನವರಿಗೆ ಅದೊಂದು ಆಟ.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮರುದಿನ ಚರ್ಚಿನಲ್ಲಿ ಪೆಟ್ಟಿಗೆ ಇಟ್ಟಿದ್ದರು. ಹೊರಗಿನಿಂದ ಸಂಬಂಧಿಕರು ಬರುವುದು ತಡವಾಗಿತ್ತು. ಅಲ್ಲಿಯವರೆಗೆ ಇಷ್ಟವಿದ್ದವರು ಎದ್ದು ನಾಲ್ಕು ಮಾತಾಡಬಹುದೆಂದು ಪಾಸ್ಟರು ಹೇಳಿದರು. ಒಬ್ಬೊಬ್ಬರೂ ಅವರನ್ನು ದೇವತೆ ಎಂದರು, ತಾಯಿ ಎಂದರು. ನನ್ನ ಮಗಳು ಡ್ಯೂಟಿಯಿಂದ ನೇರ ಖಾಕಿಯಲ್ಲೇ ಬಂದಿದ್ದಳು. ಅವಳೂ ಎದ್ದಳು. ಬಸ್ಸಿನಲ್ಲಿ ಕೂಗಿ ರೂಢಿಯಾದ ದನಿ.

"ನಾ ಹದಿನಾಲ್ಕು ವರ್ಷದಾಕಿ ಆಗೂತನಕ ಹಾಸಿಗ್ಯಾಗ ಉಚ್ಚಿ ಹೊಯ್ಕೋತಿದ್ದೆ. ಇವತ್ತ ಹೇಳಾಕ ನನಗ ನಾಚಿಕಿಲ್ಲ. ಅಕ್ಕೋರಿಗಿ ನಂಬಿ ಹೇಳಿದ್ದೆ. ಅವ್ರ ಕೈಯಾಗಿಂದ ಅದು ಹೊರಗ ಬಿತ್ತು. ನೀವೆಲ್ಲ ದೇವರಂಥೋರು ಅನ್ನಾಕತ್ತೀರಿ. ಅಲ್ರಿ, ಮನಷ್ಯಾರ ಇದ್ರು. ತಪ್ಪು ಮಾಡಿದ್ರು, ನನ್ನಂಥ ಸಣ್ಣಾಕಿಗಿ ಕೈ ಜೋಡಿಸಿ ಮಾಫಿ ಕೇಳಿದ್ರು. ದೊಡ್ಡೋರು ಹಂಗ ಕೇಳಿದ್ದು ನಾ ಅದೊಂದ ಸಲ ನೋಡೀನಿ. ನಾ ಮಾಫ್ ಮಾಡೀನಿ. ಅದನ್ನ ಹೇಳಾಕ ಬಂದೆ."

ಕೂಟದ ಹೆಂಗಸರು ಒಂದೇ ಬೆಂಚಿನಲ್ಲಿದ್ದರು. ಎಲ್ಲರೂ ನೆಲ ನೋಡಿದರು. ಮರಿಯಮ್ಮ ಮಾತ್ರ ನನ್ನನ್ನು ನೋಡಿದಳು.

ಮಗಳು ನೀರು ಕುಡಿಯಲು ಹೊರಗೆ ಹೋದಳು. ನಾನೂ ಹೋದೆ. ನಲ್ಲಿಯ ಹತ್ತಿರ ಹೇಳಿದೆ.

"ಅಕ್ಕೋರು ಹೇಳಿಲ್ಲ. ನಾ ಹೇಳಿದ್ದು."

"ಏನ್ ಹೇಳಿದ್ದು?"

"ಎಲ್ಲಾ. ಅವ್ರು ಹೆಸರು ಬ್ಯಾಡ ಅಂದ್ರು. ನಾ ಎದ್ದು ನಿಂತು ನಿನ್ನ ಹೆಸರು ಹೇಳ್ದೆ, ಹಾಸ್ಟೆಲ್ ಹೇಳ್ದೆ, ತ್ರಾಸು ಹೇಳ್ದೆ. ಹೆಸರಿಲ್ಲಂದ್ರ ದೇವ್ರಿಗಿ ಮುಟ್ಟಂಗಿಲ್ಲಂತ ತಿಳ್ಕೊಂಡಿದ್ದೆ."

ಅವಳು ನಲ್ಲಿ ಬಂದ್ ಮಾಡಿದಳು. "ಏಳು ತಿಂಗಳು ನಾ ಅವ್ರ ಕೂಡ ಮಾತಾಡಿಲ್ಲ ಬೇ."

"ಹೂಂ."

"ಅವ್ರು ಹಚ್ಚಿದ ಗುಂಡಿ ಕಿತ್ತೀನಿ. ನೀ ನೋಡ್ಕೋತ ಕುಂತಿದ್ದಿ."

"ಹೂಂ."

"ಹೇಳಾಕ ಅವ್ರು ಸಾಯೂತನಕ ಕಾದಿ?"

ಅವಳು ಮುಖ ಒರೆಸಿಕೊಂಡು ಒಳಗೆ ಹೋದಳು. ಪಾಸ್ಟರು ಕೊನೆಯ ಪ್ರಾರ್ಥನೆಗೆ ಎದ್ದಿದ್ದರು. "ಒಂದು ನಿಮಿಷ್ರಿ" ಎಂದು ಪೆಟ್ಟಿಗೆಯ ಪಕ್ಕದಲ್ಲಿ ನಿಂತಳು.

"ನಾ ಈಗ ಹೇಳಿದ್ದು ತಪ್ಪದ. ಅಕ್ಕೋರು ನನ್ನ ಗುಟ್ಟು ಬಿಟ್ಟಿಲ್ಲ. ಬ್ಯಾರೇದೋರು ಬಿಟ್ಟಿದ್ದು ತಮ್ಮ ಮ್ಯಾಲ ಹಾಕ್ಕೊಂಡಿದ್ರು. ಮಾಫ್ ಮಾಡೀನಿ ಅಂದೆನಲ್ಲ, ಆ ಮಾತು ವಾಪಸ್ ತಗೋತೀನಿ. ಮಾಫಿ ಕೇಳೋದು ನಂದಿತ್ತು."

"ಯಾರವ್ವ ಬಿಟ್ಟಾಕಿ?" ಎಂದು ಮುಂದಿನ ಸಾಲಿನ ಒಬ್ಬ ಹಿರಿಯರು ಕೇಳಿಯೇಬಿಟ್ಟರು.

ನಾನು ಬಾಗಿಲಲ್ಲೇ ನಿಂತಿದ್ದೆ. ಮಗಳು ನನ್ನ ಕಡೆ ನೋಡಲಿಲ್ಲ. "ಅದು ಇಲ್ಲಿ ಯಾಕ್ರಿ?" ಎಂದು ಹೇಳಿ ಹೋಗಿ ಕೂತಳು.

ಮಣ್ಣು ಕೊಟ್ಟ ಮೇಲೆ ಅವಳು ಸಂಜೆಯ ಬಸ್ಸಿಗೆ ಯಾದಗಿರಿಗೆ ಹೋದಳು. ಅಂದಿನಿಂದ ನಾನು ಫೋನ್ ಮಾಡಿದರೆ ಎತ್ತಿ, "ಊಟ ಆಗ್ಯದ, ಡ್ಯೂಟಿ ಅದ" ಎಂದು ಇಡುತ್ತಾಳೆ. ತಾನಾಗಿ ಮಾಡುವುದಿಲ್ಲ.

ಅಕ್ಕೋರ ನೆನಪಿಗೆ ಚರ್ಚಿನವರು ಒಂದು ಸಣ್ಣ ಪುಸ್ತಕ ತರುತ್ತಾರಂತೆ. ನೀನೂ ಬರೆದುಕೊಡು ಎಂದು ಮರಿಯಮ್ಮ ಹೇಳಿದಳು. ಬರೆದರೆ ಇದೆಲ್ಲ ಬರೆಯಬೇಕು. ಮಗಳ ಮಾತನ್ನು ಒಮ್ಮೆ ಕೇಳದೆ ಆಡಿದ್ದೇನೆ, ಇನ್ನೊಮ್ಮೆ ಆಡಲಾರೆ. ಬರೆಯಲೇ ಎಂದು ಅವಳಿಗೆ ಮೆಸೇಜ್ ಕಳಿಸಿದೆ. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೆಯ ದಿನ ಬಂತು: "ಬರಿ. ನನ್ನ ಹೆಸರು ಬ್ಯಾಡ. ನಿಂದು ಹಾಕು."

ಆ ಗುರುವಾರ ಎದ್ದು ನಿಂತು ಹೇಳಿದವಳು ನಾನು. ನನ್ನ ಹೆಸರು ಗಂಗಮ್ಮ.